ಮೇಲಿನ ಹಲಗೆ ಮತ್ತು ಒಂದು ಚಮಚ ಹೆಪ್ಪು

ಸನ್ಮಾನ್ಯ ಅಧ್ಯಕ್ಷರಾದ ತೈಸ್ತೊ ಅವರೇ, ಆರೋಗ್ಯ ಕೇಂದ್ರದಿಂದ ಬಿಡುವು ಮಾಡಿಕೊಂಡು ಬಂದಿರುವ ನರ್ಸ್ ಪೈವಿಕ್ಕಿ ಅವರೇ, ಇಂದು ಅಪರೂಪಕ್ಕೆ ಬಟ್ಟೆ ತೊಟ್ಟು ಕುಳಿತಿರುವ ನಮ್ಮ ಸೌನಾ ಹಬೆಸ್ನಾನ ಸಂಘದ ಸಭಿಕರೇ,

ಎಂಬತ್ತೆರಡರ ಈ ಕಲೆರ್ವೊ ಸೌನಾದ ಮೇಲಿನ ಹಲಗೆಗೆ ಮರಳಿದನೆಂದು ಟವೆಲ್ ಹೊದಿಸಿ ಸನ್ಮಾನಿಸಿದ್ದೀರಿ. ನ್ಯಾಯವಾಗಿ ಇದು ಸಲ್ಲಬೇಕಾದದ್ದು ನನ್ನ ಕರುಳಿಗೆ. ಆದರೆ ಕರುಳಿಗೆ ಟವೆಲ್ ಹೊದಿಸುವುದು ಹೇಗೆ?

ಕಳೆದ ಚಳಿಗಾಲ ನನಗೆ ಶ್ವಾಸಕೋಶದ ಸೋಂಕು. ಔಷಧಿ ಸೋಂಕನ್ನು ಓಡಿಸಿತು, ಜೊತೆಗೆ ಹೊಟ್ಟೆಯ ನೆಮ್ಮದಿಯನ್ನೂ. ತಿಂದದ್ದು ನಿಲ್ಲದು, ನಿಲ್ಲದೆಂದು ತಿನ್ನಲಿಲ್ಲ, ತಿನ್ನದೆ ಕಾಲು ಕಡ್ಡಿಯಾಯಿತು. ಕುರ್ಚಿಯಿಂದ ಏಳಲು ಮೇಜಿನ ಕೈಕಾಲು ಹಿಡಿಯಬೇಕು. ಸೌನಾದಲ್ಲಂತೂ ಬಿಸಿ ಕಡಿಮೆಯ ಕೆಳಗಿನ ಹಲಗೆ, ಚಿಕ್ಕ ಮಕ್ಕಳ ಪಕ್ಕ! ಜೀವಮಾನವಿಡೀ ಮೇಲೆ ಕೂತು ಬೆಂದವನಿಗೆ ಇದಕ್ಕಿಂತ ಅವಮಾನವುಂಟೆ? ನಮ್ಮ ಅಧ್ಯಕ್ಷರು ಮೇಲಿನಿಂದಲೇ ವಿಚಾರಿಸಿದರು: "ಏನೋ ಕಲೆರ್ವೊ, ಅಲ್ಲಿ ಚಳಿ ಆಗ್ತಿಲ್ಲ ತಾನೇ?"

ಆರೋಗ್ಯ ಕೇಂದ್ರದಲ್ಲಿ ನರ್ಸ್ ಮಾತ್ರ ನಗಲಿಲ್ಲ. "ಹೊಟ್ಟೆ ಸರಿಹೋಗದೆ ಕಾಲು ಸರಿಹೋಗಲ್ಲ. ರೈ ರೊಟ್ಟಿ, ಬಟಾಣಿ ಸೂಪು, ವೀಲಿ ಮೊಸರು, ಸ್ವಲ್ಪಸ್ವಲ್ಪ ಶುರು ಮಾಡಿ. ದಿನಾ ನಡೀರಿ. ಹೀಗೇ ಕೂತ್ರೆ ವೃದ್ಧರ ಆರೈಕೆ ಕೇಂದ್ರಕ್ಕೆ ಕಳಿಸ್ಬೇಕಾಗತ್ತೆ."

ಚಮಚ ಎತ್ತಿದರೆ ನೂಲಿನಂತೆ ಹಿಂದೆಯೇ ಬರುವ ವೀಲಿ! ನನ್ನ ದಿವಂಗತ ಹೆಂಡತಿ ಇಂಪಿ ಕಾಪಾಡಿಕೊಂಡು ಬಂದ ಹೆಪ್ಪಿಗೆ, ನಾನು ಆಸ್ಪತ್ರೆಯಲ್ಲಿದ್ದಾಗ ಬೂಸ್ಟು ಬಂದಿತ್ತು. ಆ ಹೆಪ್ಪಿನ ಸಂತಾನ ಉಳಿದಿದ್ದುದು ಗುಡ್ಡದ ಮೇಲಿನ ಶ್ರೀಮತಿ ಸಿಲ್ವಿ ಅವರ ಮನೆಯಲ್ಲಿ ಮಾತ್ರ. ಫೋನು ಮಾಡಿದೆ.

"ತಂದ್ಕೊಡೋಕೆ ನಾನೇನು ಅಂಚೆಯವಳಾ? ಬೇಕಾದ್ರೆ ಹತ್ಕೊಂಡು ಬನ್ನಿ. ಸುಸ್ತಾದ್ರೆ ಮಧ್ಯೆ ಬೆಂಚಿದೆ."

ಹತ್ತಿದೆ. ಬೆಂಚಿನ ಮೇಲೆ ಕೂತೆ, ಬೈದೆ, ಮತ್ತೆ ಹತ್ತಿದೆ. ಒಂದು ಬಟ್ಟಲು ವೀಲಿ ಕೊಟ್ಟರು. "ತಳದಲ್ಲಿ ಒಂದು ಚಮಚ ಉಳಿಸಿ ಹಾಲು ಹಾಕಿ. ಆಮೇಲೆ ಇಷ್ಟು ದೂರ ಬರೋ ಕಷ್ಟವೇ ಇಲ್ಲ."

ಸಭಿಕರೇ, ಈ ನಾಡಿನಲ್ಲಿ ಹುಟ್ಟಿದ ಯಾವ ಪ್ರಾಣಿ ಆ ಒಂದು ಚಮಚವನ್ನು ಮರೆತೀತು? ನಾನು ಮರೆತೆ. ಮತ್ತೆ ಹತ್ತಿ ಹೋಗಿ ತಂದೆ, ಮತ್ತೆ ಮರೆತೆ. ವಸಂತವಿಡೀ ಮರೆತೆ. ಗಾಬರಿಗೊಂಡ ನರ್ಸ್ ನನ್ನ ಜ್ಞಾಪಕಶಕ್ತಿಯನ್ನು ಪರೀಕ್ಷಿಸಿದರು. ಪೂರ್ತಿ ಅಂಕ ಬಂತು. ಇದನ್ನು ವೈದ್ಯಶಾಸ್ತ್ರವೇ ವಿವರಿಸಬೇಕು.

ಹೊಟ್ಟೆ ಮೆಲ್ಲನೆ ಒಗ್ಗಿತು. ಕಾಲಿಗೆ ಕಸುವು ಬಂತು. ಒಂದು ದಿನ ಬೆಂಚು ಹಿಂದೆ ಉಳಿದದ್ದೇ ತಿಳಿಯಲಿಲ್ಲ. ಮೊನ್ನೆ ಶನಿವಾರ ಮೇಲಿನ ಹಲಗೆ ಹತ್ತಿ ಕೂತೆ. ಬಿಸಿ ತಾಳದೆ ಕೆಳಗಿಳಿದ ಅಧ್ಯಕ್ಷರನ್ನು ಗೌರವಪೂರ್ವಕವಾಗಿ ಕೇಳಿದೆ: "ಏನೋ ತೈಸ್ತೊ, ಅಲ್ಲಿ ಚಳಿ ಆಗ್ತಿಲ್ಲ ತಾನೇ?"

ನಿನ್ನೆ ಸಿಲ್ವಿ ಬಾಗಿಲಲ್ಲೇ ನಿಂತು ಕೇಳಿದಳು: "ಈಗ ಗಟ್ಟಿಯಾಗಿದ್ದೀರಲ್ಲ, ಇನ್ನಾದ್ರೂ ಆ ಚಮಚ ಉಳಿಸ್ತೀರಾ?"

"ಪ್ರಯತ್ನ ಮಾಡ್ತೀನಿ" ಎಂದೆ. ಇಂದು ಬೆಳಿಗ್ಗೆ ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಬಟ್ಟಲು ಕನ್ನಡಿಯಂತೆ ಹೊಳೆಯುತ್ತ ಈ ಚೀಲದಲ್ಲಿದೆ.

ಟವೆಲಿಗಾಗಿ, ನಿಮ್ಮ ತಾಳ್ಮೆಗಾಗಿ ಕೃತಜ್ಞ. ಕಾಫಿಗೆ ನಿಲ್ಲಲಾರೆ, ಕ್ಷಮಿಸಿ, ಗುಡ್ಡ ಹತ್ತುವುದಿದೆ. ನಮಸ್ಕಾರ.