ಹೆಪ್ಪಿನ ಗೆರೆ

ಚನ್ನಪಟ್ಟಣದಿಂದ ಹೊರಟ ಬಸ್ಸಿನಲ್ಲಿ, ನನ್ನ ಮುಂದಿನ ಸೀಟಿನಲ್ಲಿ, ಬೈರಾಪಟ್ಟಣದ ಎದುರುಮನೆಯವರಾದ ಸರಸಮ್ಮ, ಮುನಿಯಮ್ಮ ಜಗಳವಾಡುತ್ತಿದ್ದರು. ನಾನು ಕಿಟಕಿ ನೋಡುವವನಂತೆ ಕೂತು ಕೇಳಿಸಿಕೊಂಡೆ. ಸರಸಮ್ಮನ ದನಿಯೇ ಜೋರು.

“ಕಾಲೇಜಿನೋರು ನಮ್ಮೂರ ನಕ್ಷೆ ಬರ್ದವ್ರಲ್ಲ, ಮನೆಗೊಂದು ಚುಕ್ಕಿ ಇಟ್ಟು. ಮೊಸರಿಗೆ ಹೆಪ್ಪು ಯಾರ ಮನೇಲಿ ಇಸ್ಕೊತೀರಿ ಅಂದ್ರು. ನಾನು ನಿನ್ನೆಸ್ರು ಹೇಳ್ದೆ. ನೀನು?”

“ಮೆಂಬರ್ ಹೆಂಡ್ತಿ ಹೆಸ್ರು ಕಣಕ್ಕ.”

“ಅವಳ ಮನೆ ಹೊಸ್ಲು ತುಳ್ದಿದ್ದೀಯೇನೇ?”

“ಇಲ್ಲ. ಬರ್ಕೊಳೋರ ಮುಂದೆ ಒಸಿ ಗೌರವ ಇರ್ಲಿ ಅಂತ.”

“ಇಬ್ರೂ ಒಬ್ರೆಸ್ರು ಒಬ್ರು ಹೇಳಿದ್ರೇನೇ ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೀತಾರಂತೆ. ಆ ಮೆಂಬರ್ ಹೆಂಡ್ತಿ ಪ್ಯಾಕೆಟ್ ಮೊಸ್ರು ತತ್ತೀನಿ ಅಂದ್ಲಂತೆ. ಈಗ ಊರೆಲ್ಲಾ ಜೇಡರ ಬಲೆ ಥರ ಕೂಡ್ಕೊಂಡೈತೆ, ನೀನೊಂದ್ಕಡೆ ನಾನೊಂದ್ಕಡೆ ಬಿಡಿ ಚುಕ್ಕಿ. ಥೂ!”

“ಇನ್ನೊಂದ್ಸಲ ಬಂದ್ರೆ ನಿನ್ನೆಸ್ರೇ ಹೇಳ್ತೀನಿ ಬುಡು.”

ಊರು ಬಂತು. ಇಬ್ಬರೂ ತಮ್ಮ ತಮ್ಮ ತುಂಬಿದ ಮಂಕರಿ ಬುಟ್ಟಿ ಇಳಿಸಿಕೊಂಡರು. ಸರಸಮ್ಮ ಗೊಣಗುತ್ತಲೇ ಮುನಿಯಮ್ಮನ ಮಂಕರಿಯನ್ನು ಅವಳ ತಲೆಗೆ ಎತ್ತಿಕೊಟ್ಟಳು.

“ನಂದ್ಯಾರೇ ಎತ್ತೋರು?”

“ಬಗ್ಗಕ್ಕಾಗಕಿಲ್ಲ ಕಣಕ್ಕ, ತಲೆ ಮೇಲೆ ಹೊರೆ ಐತೆ” ಎನ್ನುತ್ತಾ ಮುನಿಯಮ್ಮ ನಡೆದೇಬಿಟ್ಟಳು.