ಪಾಟ್‌ಲಕ್ ಹಾಳೆಯ ಐದನೇ ಕಾಲಂ

ವೇದಿಕೆಯ ಮೇಲಿರುವ ನಮ್ಮ ಕನ್ನಡ ಕೂಟದ ಅಧ್ಯಕ್ಷರಾದ ರೇಣುಕಾದೇವಿ ಆಂಟಿಯವರೇ, ಇಂದಿನ ಸನ್ಮಾನಿತರಾದ ಸೂರ್ಯನಾರಾಯಣ ಅಂಕಲ್ ಅವರೇ, ಸಮಿತಿಯ ಹಿರಿಯರೇ, ಹಿಂದಿನ ಸಾಲಿನಲ್ಲಿ ಕುಳಿತು ಆಗಲೇ ಊಟದ ಮೇಜಿನ ಕಡೆ ತಲೆ ತಿರುಗಿಸಿರುವ ಎಲಿಕಾಟ್ ಸಿಟಿಯ ಸಭಿಕರೇ,

ಮೊದಲು ಕ್ಷಮೆ ಕೇಳುತ್ತೇನೆ. ಭಾಷಣ ಬರೆಯುವಷ್ಟು ದೊಡ್ಡವಳು ನಾನಲ್ಲ. ಕಾಲೇಜಿನ ಮೊದಲನೇ ವರ್ಷದಲ್ಲಿದ್ದೇನೆ. ನನ್ನ ಕನ್ನಡ ಪುತ್ತೂರಿನ ಹಾಸ್ಟೆಲ್ಲಿನದು, ಇಂಗ್ಲಿಷ್ ಈ ಅಮೆರಿಕದ್ದು, ಎರಡೂ ಅರ್ಧರ್ಧ. ನೋಡದೆ ಮಾತಾಡಿದರೆ ಮರೆತುಹೋಗುತ್ತದೆ, ನೋಡಿ ಓದಿದರೆ ಸಾಲು ತಪ್ಪುತ್ತದೆ. ಇಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ಈ ಅಭಿನಂದನಾ ಭಾಷಣ ನನ್ನ ಪಾಲಿಗೆ ಬಂದಿದೆ. ತಪ್ಪಾದರೆ ನನ್ನ ಹೆಸರು ಹೇಳಿ, ಹಾಸ್ಟೆಲ್ಲಿನ ಹೆಸರು ಬೇಡ.

ಸೂರ್ಯನಾರಾಯಣ ಅಂಕಲ್ ಯಾರಿಗೆ ಗೊತ್ತಿಲ್ಲ? ಏರ್‌ಪೋರ್ಟಿಗೆ ಹೋಗಿ ನಿಮ್ಮಲ್ಲಿ ಎಷ್ಟು ಜನರನ್ನು ಅವರು ಕರೆತಂದಿಲ್ಲ? ಯಾರ ಮನೆಯ ಹಿಮ ಅವರು ತೆಗೆದಿಲ್ಲ? ನನಗೆ ಕಾರು ಕಲಿಸಿದವರೂ ಅವರೇ. "ಬ್ರೇಕ್ ಇರೋದು ಒತ್ತೋಕೆ ಕಣಮ್ಮ, ಅಳೋಕಲ್ಲ" ಎಂದು ಮೂರು ಶನಿವಾರ ಪಕ್ಕದಲ್ಲಿ ಕುಳಿತರು. ಅಂಥವರನ್ನು ಈ ವರ್ಷ ನಮ್ಮ ಕೌಂಟಿ ಸರ್ಕಾರದವರು ಒಂದು ಸಲಹಾ ಸಮಿತಿಗೆ ಆರಿಸಿಕೊಂಡಿದ್ದಾರೆ. ನೋವಿನ ಮಾತ್ರೆ ತಯಾರಿಸಿದ, ಮಾರಿದ ಕಂಪನಿಗಳ ಮೇಲೆ ದೇಶದ ಉದ್ದಕ್ಕೂ ದಾವೆ ನಡೆದು, ರಾಜಿಯಾಗಿ, ಆ ಹಣ ಈಗ ಊರೂರಿಗೆ ಬರುತ್ತಿದೆ. ಆ ಮಾತ್ರೆಗಳಿಂದ ಚಟಕ್ಕೆ ಬಿದ್ದವರಿಗಾಗಿ ಅದನ್ನು ಎಲ್ಲಿ, ಹೇಗೆ ಖರ್ಚು ಮಾಡಬೇಕು ಎಂದು ಹೇಳುವುದು ಈ ಸಮಿತಿಯ ಕೆಲಸ. ಅಲ್ಲಿ ಕನ್ನಡದವರೊಬ್ಬರು ಕುಳಿತಿರುವುದು ನಮಗೆಲ್ಲ ಹೆಮ್ಮೆ.

ಇಲ್ಲಿಗೆ ನಮ್ಮ ಕೂಟದ ಹಿರಿಯರು ನೋಡಿ ಒಪ್ಪಿದ ಪುಟ ಮುಗಿಯಿತು. ಮುಂದಿನದು ನಾನೇ ಬರೆದದ್ದು. ನಿರೂಪಣೆ ಮಾಡುತ್ತಿರುವ ಊರ್ಮಿಳಾ ಆಂಟಿ, ಮೈಕ್ ತೆಗೆದುಕೊಳ್ಳಬೇಡಿ. ಐದು ನಿಮಿಷ.

ಚಟ ಬಿಟ್ಟವರು ಒಟ್ಟಿಗೆ ಇದ್ದು ಚೇತರಿಸಿಕೊಳ್ಳುವ ಮನೆ ಒಂದು, ಮನೆಯವರಿಗೆ ತಿಳಿಹೇಳುವ ಜನ ಕೆಲವರು. ಇದು ಕೌಂಟಿಯ ಮುಂದಿರುವ ಯೋಜನೆ. ಅದು ನಮ್ಮ ಕಡೆ ಆಗಬೇಕೋ ಕೌಂಟಿಯ ಇನ್ನೊಂದು ತುದಿಯಲ್ಲಿ ಆಗಬೇಕೋ, ಯಾವ ಭಾಷೆಯವರು ಬೇಕು ಎಂದು ತಿಳಿಯಲು ಪ್ರತಿಯೊಂದು ಸಮುದಾಯವನ್ನೂ ಕೇಳಿದರು: ನಿಮ್ಮಲ್ಲಿ ಎಷ್ಟು ಮನೆಗೆ ಇದು ತಟ್ಟಿದೆ? ಮನೆಗೊಂದು ಅಡುಗೆ ತರುವ ನಮ್ಮ ಪಾಟ್‌ಲಕ್ ಊಟದ ಹಾಳೆ ನೋಡಿಕೊಳ್ಳುವವಳು ನಾನು. ಅಂಕಲ್ ನನಗೆ ಫೋನ್ ಮಾಡಿದರು. "ಏನಮ್ಮಾ ಸುರಕ್ಷಾ, ಇದಕ್ಕೆ ಬೇರೆ ಫಾರ್ಮ್ ಯಾಕೆ? ನಮ್ಮ ಪಾಟ್‌ಲಕ್ ಶೀಟಲ್ಲೇ ಇನ್ನೊಂದು ಕಾಲಂ ಆ್ಯಡ್ ಮಾಡ್ಬಿಡು. ಎಲ್ರೂ ಹೇಗೂ ಓಪನ್ ಮಾಡ್ತಾರೆ."

ಮಾಡಿದೆ. ನಾನೇ ಮಾಡಿದೆ. ಹೆಸರು, ಫೋನ್ ನಂಬರ್, ಎಷ್ಟು ಜನ ಬರುತ್ತೀರಿ, ಏನು ತರುತ್ತೀರಿ. ಅದರ ಪಕ್ಕದಲ್ಲಿ ಐದನೆಯದು: ನಿಮ್ಮ ಮನೆಯಲ್ಲಿ ಯಾರಿಗಾದರೂ ಮಾತ್ರೆಯ ಚಟದ ತೊಂದರೆ ಆಗಿದೆಯೇ? ಎಲ್ಲರೂ ಫೋನಿನಲ್ಲೇ ತೆರೆದು ತುಂಬುವ, ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವ ಹಾಳೆ. ಯಾರು ಪುಳಿಯೋಗರೆ, ಯಾರು ಪೇಪರ್ ಪ್ಲೇಟ್ ಎಂದು ನಾವೆಲ್ಲ ದಿನಕ್ಕೆ ನಾಲ್ಕು ಸಲ ಇಣುಕುವ ಹಾಳೆ. ಅಲ್ಲಿ ಹೌದು ಎಂದು ಯಾರು ಬರೆಯುತ್ತಾರೆ? ನಲವತ್ತೊಂದು ಮನೆ, ನಲವತ್ತೊಂದು ಇಲ್ಲ. ಒಬ್ಬರು "ಇಲ್ಲ, ದೇವರ ದಯೆ" ಎಂದು ಬರೆದಿದ್ದರು. ಇನ್ನೊಬ್ಬರು ಗಡಿಬಿಡಿಯಲ್ಲಿ ಆ ಕಾಲಮ್ಮಿನಲ್ಲಿ "ಮೊಸರನ್ನ, ದೊಡ್ಡ ಟ್ರೇ" ಎಂದು ಬರೆದಿದ್ದರು. ಅದನ್ನೂ ಇಲ್ಲ ಎಂದು ತಿದ್ದಿದವಳು ನಾನೇ.

ನನಗೆ ತಿಳಿಯಬೇಕಿತ್ತು. ಹಾಸ್ಟೆಲ್ಲಿನಲ್ಲಿ ಒಮ್ಮೆ ನಮ್ಮ ವಾರ್ಡನ್ ಪ್ರಾರ್ಥನೆ ಮುಗಿದ ಮೇಲೆ "ತಲೆಯಲ್ಲಿ ಹೇನು ಇರುವವರು ಎದ್ದು ನಿಲ್ಲಿ" ಅಂದರು. ಯಾರೂ ನಿಲ್ಲಲಿಲ್ಲ. ನನ್ನ ತಲೆ ತುಂಬ ಹೇನಿತ್ತು, ನಾನೂ ನಿಲ್ಲಲಿಲ್ಲ. "ಒಳ್ಳೆಯ ಮಕ್ಕಳು" ಎಂದು ಹೊಗಳಿ ಕಳಿಸಿದರು. ತಿಂಗಳೊಳಗೆ ಅರವತ್ತು ಜನಕ್ಕೂ ಹತ್ತಿತು.

ಅಮೆರಿಕದಲ್ಲಿ ಹೆಣ್ಣುಮಕ್ಕಳು ಕೆಡುತ್ತಾರೆ ಎಂದು ನನ್ನನ್ನು ಐದನೇ ಕ್ಲಾಸಿಗೆ ಆ ಹಾಸ್ಟೆಲ್ಲಿಗೆ ಸೇರಿಸಿದ್ದರು. ಅಣ್ಣ ಅನ್ವಿತ್ ಹುಡುಗನಲ್ಲವೇ, ಇಲ್ಲೇ ಉಳಿದ. ನಾನು ಹತ್ತನೇ ಕ್ಲಾಸು ಮುಗಿಸಿಯೇ ಮರಳಿದ್ದು. ಇದನ್ನು ಹೇಳಬೇಕೆಂದು ಬರೆದಿರಲಿಲ್ಲ. ಈ ಭಾಷಣದ ಕಾಗದದ ಅಂಚಿನಲ್ಲಿತ್ತು, ಓದಿಬಿಟ್ಟೆ.

ಆ ಪಾಟ್‌ಲಕ್ ಹಾಳೆಗೆ ಒಂದು ಗುಣವಿದೆ. ಅಳಿಸಿದ್ದನ್ನು ಅದು ಮರೆಯುವುದಿಲ್ಲ. ಯಾವ ಸಾಲಿನಲ್ಲಿ ಮೊದಲು ಏನಿತ್ತು, ಆಮೇಲೆ ಏನಾಯಿತು ಎಂದು ಹಾಳೆ ಮಾಡಿದವರಿಗೆ ಕಾಣುತ್ತದೆ. ಯಾರೋ ಚಿತ್ರಾನ್ನ ಅಳಿಸಿದ್ದಾರೆ ಎಂದು ಜಗಳ ಬಂತಲ್ಲ, ಅದನ್ನು ನೋಡಲು ಹೋದೆ. ಅಲ್ಲಿ ನಮ್ಮ ಮನೆಯ ಸಾಲು ಕಂಡಿತು. ಬೇಬಿ ಜಯಕರ, ಮೂರು ಜನ, ಕೊಟ್ಟೆ ಕಡುಬು. ಐದನೇ ಕಾಲಮ್ಮಿನಲ್ಲಿ ಅಮ್ಮ "ಹೌದು" ಎಂದು ಬರೆದಿದ್ದಳು. ಹನ್ನೊಂದು ನಿಮಿಷ ಅದು ಅಲ್ಲಿತ್ತು. ಆಮೇಲೆ ಅಳಿಸಿ "ಇಲ್ಲ" ಎಂದು ಬರೆದಿದ್ದಳು.

ಹಾಗೆ ಬದಲಾದ ಸಾಲು ನಮ್ಮದೊಂದೇ ಅಲ್ಲ. ಎಷ್ಟು ಎಂದು ಹೇಳುವುದಿಲ್ಲ. ಹೇಳಿದರೆ ಊಟದ ಸಾಲಿನಲ್ಲಿ ನಿಂತು ಒಬ್ಬರನ್ನೊಬ್ಬರು ಎಣಿಸಲು ಶುರುಮಾಡುತ್ತೀರಿ. ದಯವಿಟ್ಟು ಫೋನ್ ತೆಗೆಯಬೇಡಿ. ಆ ಹಾಳೆಯನ್ನು ಬೆಳಿಗ್ಗೆಯೇ ಮುಚ್ಚಿದ್ದೇನೆ, ಯಾರಿಗೂ ತೆರೆಯುವುದಿಲ್ಲ.

ಅನ್ವಿತ್‌ಗೆ ಶಾರ್ಲೆಟ್‌ನ ಬ್ಯಾಂಕಿನಲ್ಲಿ ಕೆಲಸ ಎಂದು ನಿಮಗೆಲ್ಲ ಗೊತ್ತು. ಕೆಲವರು ಪಾರ್ಟಿ ಎಲ್ಲಿ ಎಂದು ಕೇಳಿದಿರಿ, ಅಮ್ಮ ಮೈಸೂರುಪಾಕ್ ಹಂಚಿದಳು. ಬ್ಯಾಂಕ್ ಇಲ್ಲ. ಅಣ್ಣ ಇರುವುದು ಶಾರ್ಲೆಟ್‌ನಿಂದ ಆಚೆ, ಚಟ ಬಿಡುವವರ ಮನೆಯೊಂದರಲ್ಲಿ. ಬೆಳಿಗ್ಗೆ ಎದ್ದು ಹನ್ನೆರಡು ಜನರ ಬಟ್ಟೆ ಒಗೆಯುತ್ತಾನೆ. ಅಷ್ಟು ದೂರ ಯಾಕೆ? ಹತ್ತಿರ ಎಲ್ಲಿ ಹಾಕಿದರೂ ನಮ್ಮವರು ಯಾರಾದರೂ ನೋಡುತ್ತಾರೆ ಎಂದು. ಹೋಗಲು ಏಳು ಗಂಟೆ, ಬರಲು ಏಳು ಗಂಟೆ. ಅಪ್ಪ ತಿಂಗಳಿಗೊಮ್ಮೆ ಹೋಗುತ್ತಾರೆ. ದಾರಿಯಲ್ಲಿ ರೇಡಿಯೋ ಕೂಡ ಹಾಕುವುದಿಲ್ಲ.

ನಾನು ಹಾಸ್ಟೆಲ್ಲಿನಲ್ಲಿದ್ದಾಗ, ಇಲ್ಲಿ ಹೈಸ್ಕೂಲಿನಲ್ಲಿ ಅವನು ಈಜುತ್ತಿದ್ದ. ಭುಜದ ಆಪರೇಷನ್ ಆಯಿತು, ಡಾಕ್ಟರು ಆ ನೋವಿನ ಮಾತ್ರೆ ಬರೆದುಕೊಟ್ಟರು. ಅಮ್ಮ ಅಲಾರಂ ಇಟ್ಟುಕೊಂಡು ಆರು ಗಂಟೆಗೊಮ್ಮೆ ಕೊಟ್ಟಳು, ಒಂದು ಸಲವೂ ತಪ್ಪಿಸಲಿಲ್ಲ. ಸಾಕು ಎಂದರೂ "ಕೋರ್ಸ್ ಮುಗಿಸಬೇಕು ಮಗಾ" ಎಂದು ಕೊಟ್ಟಳು. ಮಾತ್ರೆ ಮುಗಿದ ಮೇಲೆ ಅವನು ಬೇರೆ ಕಡೆ ಹುಡುಕಿಕೊಂಡ. ಅಮ್ಮ ಈಗಲೂ ಆರು ಗಂಟೆಗೊಮ್ಮೆ ಗಡಿಯಾರ ನೋಡುತ್ತಾಳೆ. ನೋಡಿದ್ದು ನನಗೆ ಗೊತ್ತಾಗುವುದಿಲ್ಲ ಎಂದುಕೊಂಡಿದ್ದಾಳೆ.

ಎರಡು ಸಲ ಬಿಡಿಸಿಕೊಂಡು ಮನೆಗೆ ಬಂದ, ಎರಡು ಸಲವೂ ಮತ್ತೆ ಬಿದ್ದ. ಎರಡನೇ ಸಲ ಬಾತ್‌ರೂಮಿನ ಬಾಗಿಲನ್ನು ಅಪ್ಪ ಭುಜ ಕೊಟ್ಟು ಒಡೆದರು. ಆಂಬುಲೆನ್ಸಿನವರು ಮೂಗಿಗೆ ಸ್ಪ್ರೇ ಹೊಡೆದು ಉಸಿರು ತಂದರು. ಆಂಬುಲೆನ್ಸ್ ನೋಡಿದವರಿಗೆ ಅಮ್ಮ ಗ್ಯಾಸ್ಟ್ರಿಕ್ ಎಂದಳು. ಸೂರ್ಯನಾರಾಯಣ ಅಂಕಲ್, ಮಾರನೆಯ ದಿನ ನೀವೇ ಅಲ್ಲವೇ ಗಂಜಿ ಮಾಡಿಸಿಕೊಂಡು ಬಂದವರು? ಜೊತೆಗೆ ಓಮದ ನೀರು? ಅಣ್ಣ ಅದನ್ನು ಕುಡಿದ. ಕುಡಿದು ಅತ್ತ. ನಿಮಗೆ ಅದು ಹೊಟ್ಟೆನೋವಿನ ಅಳು ಅನಿಸಿರಬೇಕು.

ಹೋದ ವಾರ ಅಂಕಲ್ ಮನೆಗೆ ಹೋಗಿ, ಆ ಉತ್ತರ ಕಳಿಸಬೇಡಿ, ಕಳಿಸಿದರೆ ಆ ಮನೆ ನಮ್ಮ ಕಡೆ ಬರುವುದಿಲ್ಲ, ಹೆಸರಿಲ್ಲದ ಚೀಟಿಯಲ್ಲಿ ಮತ್ತೊಮ್ಮೆ ಕೇಳೋಣ ಎಂದೆ.

"ಡೇಟಾ ಡೇಟಾನೇ ಕಣಮ್ಮ. ನಲವತ್ತೊಂದಕ್ಕೆ ನಲವತ್ತೊಂದು ಕ್ಲೀನ್. ಕೌಂಟಿಯವರ ಮುಂದೆ ಎಷ್ಟು ಪ್ರೌಡ್ ಆಗಿ ಹೇಳ್ಬಹುದು ಗೊತ್ತಾ?"

"ಅಂಕಲ್, ಯಾರೂ ನಿಜ ಬರೆದಿಲ್ಲ."

"ಹಾಗಾದ್ರೆ ಒಂದು ಫ್ಯಾಮಿಲಿ ಹೆಸರು ಹೇಳು. ಒಂದೇ ಒಂದು. ನಾನೇ ನಿಲ್ಲಿಸ್ತೀನಿ."

ನಾನು ಕಾಫಿ ಕುಡಿದು ಎದ್ದು ಬಂದೆ. ನಮ್ಮ ಮನೆಯ ಹೆಸರು ಹೇಳಲೇ ಎಂದು ಅಮ್ಮನನ್ನು ಕೇಳಿದೆ. "ನೀನು ಸುಮ್ಮನೆ ಇರು ಮಾರಾಯ್ತಿ. ಅವನು ಗುಣ ಆಗಿ ಬರ್ಲಿಕ್ಕೆ ಉಂಟು. ನಾಳೆ ಅವನಿಗೆ ಯಾರು ಹೆಣ್ಣು ಕೊಡುವುದು? ನಿನ್ನನ್ನು ಯಾರು ಕೇಳ್ಲಿಕ್ಕೆ ಬರುವುದು?" ಅಂದಳು. ಅಪ್ಪ ಪಾತ್ರೆ ತೊಳೆಯುತ್ತಿದ್ದರು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರು.

ಅಣ್ಣನಿಗೂ ಫೋನ್ ಮಾಡಿದೆ. ಅವನ ವಿಷಯ, ಅವನು ಬೇಡವೆಂದಿದ್ದರೆ ನಾನು ಇಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಅವನು ಹೇಳಿದ್ದು ಇಷ್ಟು: "ಇನ್ನೊಂದ್ಸಲ ಸುಮ್ನೆ ನಮ್ಮನೆ ಬೇಸ್ಮೆಂಟಿಗೆ ಬಂದ್ರೆ ಐ ವೋಂಟ್ ಮೇಕ್ ಇಟ್, ಸುರಕ್ಷಾ. ಹತ್ರದಲ್ಲಿ ಒಂದು ಪ್ಲೇಸ್ ಬೇಕು ನಂಗೆ. ಅಮ್ಮಂಗೆ ಅವಳ ಲ್ಯಾಂಗ್ವೇಜಲ್ಲಿ ಹೇಳೋರು ಬೇಕು. ಸೋ, ಹೇಳು. ಬಟ್ ಹೇಳುವಾಗ ಅಮ್ಮನ ಫೇಸ್ ನೋಡ್ಬೇಡ, ಯು ವಿಲ್ ಸ್ಟಾಪ್."

ನೋಡುತ್ತಿಲ್ಲ. ಎಡಗಡೆಯಲ್ಲಿ ಒಂದು ಕುರ್ಚಿ ಹಿಂದೆ ಸರಿದ ಶಬ್ದ ಕೇಳಿತು. ಯಾರದೆಂದು ನೋಡುತ್ತಿಲ್ಲ.

ಸಭಿಕರೇ, ನಿಮ್ಮಲ್ಲಿ ಯಾರನ್ನೂ ಎದ್ದು ನಿಲ್ಲಿ ಎಂದು ಕೇಳುವುದಿಲ್ಲ. ನಾಳೆ ನಮ್ಮ ಮನೆಗೆ ಫೋನ್ ಮಾಡಿ "ಅಯ್ಯೋ ಪಾಪ" ಎನ್ನುವುದೂ ಬೇಡ. ಮಾತಾಡಲೇಬೇಕು ಎನಿಸಿದರೆ ಯಾವತ್ತಿನ ಹಾಗೆ ಅಮ್ಮನ ಹತ್ತಿರ ತರಕಾರಿ ವಿಷಯ ಮಾತಾಡಿ. ಅವಳನ್ನು ಒಬ್ಬಳನ್ನೇ ಕೂರಲು ಬಿಡಬೇಡಿ, ಅಷ್ಟೇ.

ಸೂರ್ಯನಾರಾಯಣ ಅಂಕಲ್, ನಿಮಗೆ ಶಾಲು ಹೊದಿಸುವ ದಿನ ಹೀಗೆ ಮಾಡಿದ್ದಕ್ಕೆ ಕ್ಷಮಿಸಿ. ನೀವು ಒಂದು ಹೆಸರು ಕೇಳಿದ್ದಿರಿ. ಜಯಕರ ಮತ್ತು ಬೇಬಿ ಅವರ ಮನೆ. ಮಗ ಅನ್ವಿತ್, ಇಪ್ಪತ್ತನಾಲ್ಕು ವರ್ಷ. ಏಪ್ರಿಲ್‌ನಲ್ಲಿ ಅವನ ಅಲ್ಲಿನ ಅವಧಿ ಮುಗಿಯುತ್ತದೆ. ನಿಮ್ಮ ವರದಿ ಮಂಗಳವಾರ ಹೋಗುತ್ತದೆ. ಅದನ್ನು ತಡೆಯುತ್ತೀರಾ, ಇಲ್ಲವಾ, ಸೋಮವಾರ ಮಧ್ಯಾಹ್ನದೊಳಗೆ ನನಗೆ ಒಂದು ಮಾತು ತಿಳಿಸಿ. ಆಗುವುದಿಲ್ಲ ಎನ್ನುವುದಾದರೂ ಬೇಗ ತಿಳಿಸಿ. ಅವನಿಗೆ ಬೇರೆ ಜಾಗ ಹುಡುಕಬೇಕು.

ಇಷ್ಟು ಹೊತ್ತು ಕೇಳಿದ್ದಕ್ಕೆ ಧನ್ಯವಾದಗಳು. ಎಲ್ಲರಿಗೂ ನಮಸ್ಕಾರ.