ಸೋಮವಾರ ಒಂಬತ್ತು ಹತ್ತಕ್ಕೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಇಂದು ನಿವೃತ್ತರಾಗುತ್ತಿರುವ ನಕ್ಷೆ ವಿಭಾಗದ ಮುಖ್ಯಸ್ಥರೇ, ಕೊನೆಯ ಸಾಲಿನಲ್ಲಿ ಕೂತು ಆಗಲೇ ಫೋನು ನೋಡಲು ಶುರುಮಾಡಿರುವ ನನ್ನ ಪ್ರೀತಿಯ ಸಹೋದ್ಯೋಗಿಗಳೇ, ಮತ್ತು ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಕಂಪ್ಯೂಟರ್ ವಿಭಾಗದವರ ಕೈಗೆ ಈ ಕಚೇರಿಯಲ್ಲಿ ಮೈಕು ಸಿಗುತ್ತಿರುವುದು ಇದೇ ಮೊದಲು. ಸಾಮಾನ್ಯವಾಗಿ ಮೈಕು ಕೆಟ್ಟಾಗ ಮಾತ್ರ ನಮ್ಮನ್ನು ವೇದಿಕೆಗೆ ಕರೆಯುತ್ತಾರೆ. ಆದ್ದರಿಂದ ಐದು ನಿಮಿಷ ಏಳಾದರೆ ಅಧ್ಯಕ್ಷರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನನಗಿಂತ ಮುಂಚೆ ಮಾತಾಡಿದವರು ಮುಖ್ಯಸ್ಥರ ಮೂವತ್ತಮೂರು ವರ್ಷದ ಸೇವೆಯನ್ನು ಹೊಗಳಿದರು. ಈ ಊರಿನ ನೆಲದಡಿ ಹರಿಯುವ ಕುಡಿಯುವ ನೀರಿನ ಪ್ರತಿ ಕೊಳವೆಯೂ ಪ್ರತಿ ವಾಲ್ವೂ ಅವರಿಗೆ ಬಾಯಿಪಾಠ ಎಂದರು. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ನನ್ನ ವಿಷಯ ಅಷ್ಟು ದೊಡ್ಡದಲ್ಲ. ಅವರ ಲ್ಯಾಪ್‌ಟಾಪಿನಲ್ಲಿ ನಾನು ಹಾಕಿಕೊಟ್ಟ ವಿಪಿಎನ್ ಬಗ್ಗೆ ನಾಲ್ಕು ಮಾತು ಹೇಳಿ ಕೂರುತ್ತೇನೆ.

ಹಿರಿಯ ಅತಿಥಿಗಳು ಬಂದ ತಕ್ಷಣ "ಏನಮ್ಮಾ ಅದು, ವಿಪಿಎನ್ ಅಂದ್ರೆ?" ಎಂದು ಕೇಳಿದರು. ಮನೆಯಿಂದ ಕಚೇರಿಯ ಕಡತದ ಕೋಣೆಯವರೆಗೆ, ಸಂತೆಯ ಮಧ್ಯೆಯೇ ಹಾದುಹೋಗುವ ಒಂದು ಮುಚ್ಚಿದ ಓಣಿ ಎಂದುಕೊಳ್ಳಿ. ಅದರೊಳಗೆ ನಡೆಯುವವರು ಹೊರಗಿನವರಿಗೆ ಕಾಣುವುದಿಲ್ಲ. ನಮ್ಮ ನಕ್ಷೆಗಳು ಕಂಡವರ ಕೈಗೆ ಸಿಗಬಾರದಲ್ಲವೇ? ಹಾಗೆಂದು ಭಾನುವಾರ ಕೊಳವೆ ಒಡೆದರೆ ಇಂಜಿನಿಯರು ನಕ್ಷೆ ನೋಡಲು ಕಚೇರಿಗೆ ಓಡಿಬರುವವರೆಗೆ ನೀರು ಕಾಯುತ್ತದೆಯೇ? ಅದಕ್ಕೇ ಐದು ವರ್ಷದ ಹಿಂದೆ ಈ ಓಣಿ ಬಂತು. ಕಚೇರಿಯೊಳಗೆ ಕೂತರೂ ಲ್ಯಾಪ್‌ಟಾಪಿಗೆ ಇದೇ ದಾರಿ. ನೂರ ನಲವತ್ತೆರಡು ಲ್ಯಾಪ್‌ಟಾಪುಗಳಿಗೆ ನಾನೇ, ಒಬ್ಬೊಬ್ಬರ ಮೇಜಿಗೂ ಹೋಗಿ, ಪಕ್ಕದಲ್ಲಿ ಕೂತು ಹಾಕಿಕೊಟ್ಟೆ. ಪಾಸ್‌ವರ್ಡ್ ಬರೆಯುವಾಗ ಮುಖ ಆಚೆ ತಿರುಗಿಸಿ ಕೂರುತ್ತಿದ್ದೆ. ಆ ಒಂದು ತಿಂಗಳಲ್ಲಿ ಈ ಕಚೇರಿಯ ಎಲ್ಲ ಗೋಡೆಗಳೂ ನನಗೆ ಪರಿಚಯವಾದವು.

ಶುರುವಿನಲ್ಲೇ ನಾನೊಂದು ಘನಕಾರ್ಯ ಮಾಡಿದೆ. "ವಿಪಿಎನ್ ಸಂಪರ್ಕ ಸಿಗದಿದ್ದರೆ ಏನು ಮಾಡಬೇಕು" ಎಂದು ಚಿತ್ರಸಮೇತ ಹನ್ನೆರಡು ಪುಟ ಬರೆದೆ. ಬರೆದು, ಕಚೇರಿಯ ಒಳಜಾಲತಾಣದಲ್ಲಿ ಹಾಕಿದೆ. ಆ ತಾಣ ವಿಪಿಎನ್ ಸಂಪರ್ಕ ಸಿಕ್ಕರೆ ಮಾತ್ರ ತೆರೆಯುತ್ತದೆ. ನಗಿ, ಪರವಾಗಿಲ್ಲ. ಎಂಟು ದಿನ ಯಾರಿಂದಲೂ ದೂರು ಬರಲಿಲ್ಲ, ಎಲ್ಲರೂ ಓದಿ ಅರ್ಥಮಾಡಿಕೊಂಡಿದ್ದಾರೆ ಎಂದು ನಾನು ಬೀಗುತ್ತಿದ್ದೆ. ಒಂಬತ್ತನೇ ದಿನ ನನ್ನ ಕೀಲಿಮಣೆಯ ಕೆಳಗೆ ಒಂದು ಚೀಟಿ ಸಿಕ್ಕಿತು. "ಬಾಗಿಲು ತೆರೆಯುವ ಕ್ರಮವನ್ನು ಕೋಣೆಯ ಒಳಗೆ ಅಂಟಿಸಿದ್ದೀರಿ." ಅಷ್ಟೇ, ಸಹಿ ಇಲ್ಲ. ಸಹಿಯ ಅಗತ್ಯವೂ ಇರಲಿಲ್ಲ. ಆ ಅಕ್ಷರ ನನಗೆ ಗೊತ್ತಿತ್ತು. ನನ್ನ ಒಂದನೇ ತರಗತಿಯ ಪುಸ್ತಕಗಳ ಮೇಲೆಲ್ಲ ನನ್ನ ಹೆಸರು ಬರೆದುಕೊಟ್ಟ ಅಕ್ಷರ ಅದು.

ಇದನ್ನು ನಾನು ಬರೆದುಕೊಂಡು ಬಂದಿರಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟೆ. ಇರಲಿ. ನಿವೃತ್ತರಾಗುತ್ತಿರುವ ಮುಖ್ಯಸ್ಥರೂ ನಾನೂ ಒಡಹುಟ್ಟಿದವರು ಎಂದು ನಿಮಗೆಲ್ಲ ಗೊತ್ತು. ಹನ್ನೊಂದು ವರ್ಷದಿಂದ ನಾವು ಮಾತಾಡುವುದಿಲ್ಲ ಎಂದೂ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇದ್ದೀರಿ, ಊಟದ ಕೋಣೆಯಲ್ಲಿ ನಮ್ಮಿಬ್ಬರನ್ನು ಬೇರೆ ಬೇರೆ ಮೇಜಿಗೆ ಕರೆದಿದ್ದೀರಿ. ಅದಕ್ಕೆ ನಾನು ನಿಮಗೆ ಋಣಿ.

ಸರಿ, ವಿಷಯಕ್ಕೆ ಬರುತ್ತೇನೆ. ಆ ಚೀಟಿ ನೋಡಿದ ಮೇಲೆಯೇ ನಾನು ಫೋನಿನ ಸಹಾಯವಾಣಿ ಶುರುಮಾಡಿದ್ದು. ನಿಯಮ ನಿಮಗೆ ಗೊತ್ತೇ ಇದೆ. ಮೂರು ಸಲ ತಪ್ಪು ಪಾಸ್‌ವರ್ಡ್ ಒತ್ತಿದರೆ ಖಾತೆ ಲಾಕ್ ಆಗುತ್ತದೆ. ಆಗ ನನಗೆ ಫೋನು ಮಾಡಬೇಕು. ನೀವೇ ಇಟ್ಟುಕೊಂಡ ಗುಟ್ಟಿನ ಪ್ರಶ್ನೆಯನ್ನು ನಾನು ಕೇಳುತ್ತೇನೆ, ಉತ್ತರ ಹೇಳಿದರೆ ಬೀಗ ತೆಗೆಯುತ್ತೇನೆ. ಉಗ್ರಾಣದ ಯಜಮಾನರು "ನನ್ನ ಹೆಂಡತಿ ಹುಟ್ಟಿದ ದಿನ ಯಾವುದು" ಎಂಬ ಪ್ರಶ್ನೆ ಇಟ್ಟುಕೊಂಡಿದ್ದರು. ಪ್ರತಿ ಸಲವೂ ತಪ್ಪು ಹೇಳುತ್ತಿದ್ದರು. ಕೊನೆಗೊಂದು ದಿನ ಅವರ ಮನೆಯವರೇ ಫೋನು ಕಸಿದುಕೊಂಡು ಉತ್ತರ ಹೇಳಿದರು. ಆಮೇಲೆ ಆ ಮನೆಯಲ್ಲಿ ಏನು ನಡೆಯಿತೋ, ಅದು ನನ್ನ ವಿಭಾಗಕ್ಕೆ ಸೇರಿದ್ದಲ್ಲ.

ಈ ಐದು ವರ್ಷದಲ್ಲಿ ಅತಿ ಹೆಚ್ಚು ಸಲ ಖಾತೆ ಲಾಕ್ ಮಾಡಿಕೊಂಡವರು ಯಾರು? ಹೇಳಿ, ಯಾರು? ಉಗ್ರಾಣದವರಲ್ಲ. ನಮ್ಮ ನಕ್ಷೆ ವಿಭಾಗದ ಮುಖ್ಯಸ್ಥರು. ಇನ್ನೂರ ಹದಿನೆಂಟು ಸಲ. ಉಳಿದ ನೂರ ನಲವತ್ತೊಂದು ಜನರನ್ನು ಕೂಡಿದರೂ ಅಷ್ಟಾಗುವುದಿಲ್ಲ. ನಾಲ್ಕು ಸಾವಿರ ವಾಲ್ವುಗಳ ಸಂಖ್ಯೆ ನೆನಪಿಟ್ಟುಕೊಂಡವರಿಗೆ ಒಂದು ಪಾಸ್‌ವರ್ಡ್ ನೆನಪಿರುವುದಿಲ್ಲ ಎಂದು ನಾನು ಒಳಗೊಳಗೇ ನಗುತ್ತಿದ್ದೆ. ಇದನ್ನೇ ನಮ್ಮ ವಿಭಾಗದವರಿಗೆ ತಮಾಷೆಯಾಗಿ ಹೇಳಿ ನಗಿಸೋಣ ಎಂದುಕೊಂಡು ನಿನ್ನೆ ಮಧ್ಯಾಹ್ನ ಹಳೆಯ ದಾಖಲೆ ತೆಗೆದೆ.

ಯಾರು ಯಾವಾಗ ಒಳಗೆ ಬಂದರು, ಯಾವಾಗ ಹೊರಗೆ ಹೋದರು, ಎಷ್ಟು ಸಲ ತಪ್ಪಿದರು, ಎಲ್ಲವನ್ನೂ ವಿಪಿಎನ್ ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಅದಕ್ಕೆ ಯಾರ ದಾಕ್ಷಿಣ್ಯವೂ ಇಲ್ಲ. ಮುಖ್ಯಸ್ಥರ ಹೆಸರಿನ ಮುಂದೆ ಹೀಗಿತ್ತು. ಸೋಮವಾರ ಎಂಟು ಐವತ್ತೆರಡು, ಸಂಪರ್ಕ ಸಿಕ್ಕಿದೆ. ಒಂಬತ್ತು ಎಂಟು, ಸಂಪರ್ಕ ಕಡಿದಿದೆ. ಒಂಬತ್ತು ಹತ್ತು, ಹನ್ನೊಂದು ಸೆಕೆಂಡಿನಲ್ಲಿ ಮೂರು ತಪ್ಪು, ಲಾಕ್. ಮುಂದಿನ ವಾರವೂ ಹಾಗೆಯೇ. ಅದರ ಮುಂದಿನ ವಾರವೂ ಹಾಗೆಯೇ. ಸೋಮವಾರ ರಜೆ ಬಂದರೆ ಮಂಗಳವಾರ ಒಂಬತ್ತು ಹತ್ತು.

ಸಭಿಕರೇ, ಎಂಟು ಐವತ್ತೆರಡಕ್ಕೆ ನೆನಪಿದ್ದ ಪಾಸ್‌ವರ್ಡ್ ಒಂಬತ್ತು ಹತ್ತಕ್ಕೆ ಮರೆತುಹೋಗುತ್ತದೆಯೇ? ಮರೆತವರು ಹನ್ನೊಂದು ಸೆಕೆಂಡಿನಲ್ಲಿ ಮೂರು ಸಲ ಒತ್ತುತ್ತಾರೆಯೇ? ಆಸ್ಪತ್ರೆಯ ಹಿಂದಿನ ದೊಡ್ಡ ಕೊಳವೆ ಒಡೆದ ಗುರುವಾರ ಇವರೇ ಮನೆಯಿಂದ ಒಂದೇ ಏಟಿಗೆ ಒಳಗೆ ಬಂದು, ಯಾವ ವಾಲ್ವು ಮುಚ್ಚಬೇಕೆಂದು ಎರಡು ನಿಮಿಷದಲ್ಲಿ ಹೇಳಿರಲಿಲ್ಲವೇ?

ಇನ್ನೊಂದು ವಿಷಯ. ಎರಡು ವರ್ಷದ ಹಿಂದೆ ನನಗೆ ಕಾಮಾಲೆಯಾಗಿ ಮೂರು ವಾರ ಮಲಗಿದ್ದೆ. ಸಹಾಯವಾಣಿಗೆ ನಮ್ಮ ವಿಭಾಗದಲ್ಲಿ ಕೇಬಲ್ ಎಳೆಯುವ, ನಾವೆಲ್ಲ ಮೇಷ್ಟ್ರು ಎನ್ನುವ ಹಿರಿಯರು ಕೂತಿದ್ದರು. ಆ ಮೂರು ಸೋಮವಾರ ಮುಖ್ಯಸ್ಥರು ಒಂದು ಗುಂಡಿಯನ್ನೂ ತಪ್ಪಾಗಿ ಒತ್ತಿಲ್ಲ. ಒಂದನ್ನೂ.

ಪರದೆಯ ಮೇಲೆ ಬೆರಳಿಟ್ಟು ಆ ಮೂರು ಸೋಮವಾರಗಳನ್ನು ಮತ್ತೆ ಮತ್ತೆ ಎಣಿಸಿದೆ. ಮೇಷ್ಟ್ರು ಬಂದು, "ಏನಾಯ್ತು, ಯಾರಾದ್ರೂ ಒಳಗೆ ನುಗ್ಗಿದಾರಾ?" ಎಂದು ಕೇಳಿದರು. ಇಲ್ಲ ಎಂದೆ.

ಆ ಫೋನು ಕರೆ ಹೇಗಿರುತ್ತಿತ್ತು ಎಂದು ಹೇಳಿಬಿಡುತ್ತೇನೆ. ಗುಟ್ಟಿನ ಪ್ರಶ್ನೆಯನ್ನು ಯಾರಿಗೂ ಹೇಳಕೂಡದು ಎಂದು ಸುತ್ತೋಲೆ ಹೊರಡಿಸಿದವಳು ನಾನೇ. ಆದರೆ ನಿವೃತ್ತರ ಖಾತೆ ಇವತ್ತು ಐದೂವರೆಗೆ ತಾನಾಗಿ ಮುಚ್ಚಿಹೋಗುತ್ತದೆ. ಈಗ ಐದು ಗಂಟೆ ಐದು ನಿಮಿಷ. ಉಳಿದ ಇಪ್ಪತ್ತೈದು ನಿಮಿಷದಲ್ಲಿ ಯಾರಾದರೂ ನಕ್ಷೆ ಕದಿಯುವುದಿದ್ದರೆ ಕದ್ದುಕೊಳ್ಳಿ.

"ಸಹಾಯವಾಣಿ."

"ನಕ್ಷೆ ವಿಭಾಗ. ಖಾತೆ ಲಾಕ್ ಆಗಿದೆ."

"ನಿಮ್ಮ ಪ್ರಶ್ನೆ: ಚಿಕ್ಕಂದಿನಲ್ಲಿ ತಂಗಿಯನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದಿರಿ?"

"ಪಿಟೀಲು."

"ಉತ್ತರ ಸರಿಯಾಗಿದೆ. ಈಗ ನೋಡಿ."

ಮುಗಿಯಿತು. ಇಪ್ಪತ್ತು ಸೆಕೆಂಡು. ಮೊದಲ ಸಲ ಆ ಪ್ರಶ್ನೆ ಪರದೆಯ ಮೇಲೆ ಬಂದಾಗಲೂ ಸುತ್ತೋಲೆ ಓದುವ ದನಿಯಲ್ಲೇ ಓದಿಬಿಟ್ಟೆ. ಚಿಕ್ಕವಳಿದ್ದಾಗ ನಾನು ಏನಾದರೂ ಬೇಕು ಎಂದರೆ ಅದು ಸಿಗುವವರೆಗೂ ಒಂದೇ ರಾಗದಲ್ಲಿ ಅಳುತ್ತಿದ್ದೆನಂತೆ. "ಶುರುವಾಯ್ತು ಪಿಟೀಲು" ಎಂದು ಅಕ್ಕ ಪುಸ್ತಕ ಎತ್ತಿಕೊಂಡು ಮಹಡಿಗೆ ಹೋಗುತ್ತಿದ್ದಳು. ಹೋದವಳು ಕಾಲು ಗಂಟೆಯಲ್ಲಿ ಇಳಿದು ಬಂದು, ನಾನು ಕೇಳಿದ್ದನ್ನು ಕೊಟ್ಟು ಹೋಗುತ್ತಿದ್ದಳು. ಈಗಲೂ ನೋಡಿ, ಐದು ನಿಮಿಷ ಎಂದವಳು ಎಷ್ಟು ಕುಯ್ಯುತ್ತಿದ್ದೇನೆ.

ಕಾಮಾಲೆ ವಾಸಿಯಾಗಿ ನಾನು ವಾಪಸು ಬಂದ ಸೋಮವಾರ, ಉತ್ತರ ಹೇಳಿದ ಮೇಲೆ ಮುಖ್ಯಸ್ಥರು ಫೋನು ಇಡಲಿಲ್ಲ. "ಹುಷಾರಾಗಿದೀರಾ?" ಎಂದರು. ನಾನು ಏನೆಂದೆ ಗೊತ್ತೇ? "ಬೇರೆ ಏನಾದರೂ ಸಮಸ್ಯೆ ಇದೆಯೇ?" ಎಂದೆ. ಸಹಾಯವಾಣಿಯವರು ಕೇಳಬೇಕಾದ ಪ್ರಶ್ನೆ ಅದೇ, ನಿಯಮದಲ್ಲಿದೆ. "ಇಲ್ಲ" ಎಂದು ಇಟ್ಟರು. ಆ ಒಂದು ಮಾತಿಗೆ ನನ್ನ ಮೇಲೆ ನನಗೇ ಇವತ್ತಿಗೂ ಸಿಟ್ಟಿದೆ.

ಏನಕ್ಕೆ ಮಾತು ಬಿಟ್ಟಿರಿ ಎಂದು ನೀವು ಯಾರೂ ಕೇಳಲಿಲ್ಲ. ನನ್ನ ಮೇಜಿನ ಹಿಂದೆ ಒಂದು ಪ್ರಮಾಣಪತ್ರ ತೂಗುಹಾಕಿದೆ, ನೋಡಿರುತ್ತೀರಿ. ಆ ತರಬೇತಿಗೆ ನಾನು ನಾಲ್ಕು ದಿನ ಬೇರೆ ಊರಿಗೆ ಹೋಗಿದ್ದೆ, ಕೊನೆಯ ದಿನ ಪರೀಕ್ಷೆ. ಎರಡನೇ ದಿನ ಅಮ್ಮ ಬಚ್ಚಲುಮನೆಯಲ್ಲಿ ಬಿದ್ದರು. "ಚಿಕ್ಕವಳಿಗೆ ಹೇಳ್ಬೇಡ, ಪರೀಕ್ಷೆ ಮುಗಿಸ್ಕೊಂಡು ಬರ್ಲಿ" ಎಂದು ಅಕ್ಕನಿಂದ ಮಾತು ತೆಗೆದುಕೊಂಡರು. ಅಕ್ಕ ಹೇಳಲಿಲ್ಲ. ನಾನು ಪ್ರಮಾಣಪತ್ರ ಚೀಲದಲ್ಲಿಟ್ಟುಕೊಂಡು ನಗುತ್ತಾ ಆಸ್ಪತ್ರೆಗೆ ಬಂದಾಗ ಅಮ್ಮ ಹೋಗಿ ಒಂದು ಗಂಟೆಯಾಗಿತ್ತು. ಅಲ್ಲೇ, ಮೆಟ್ಟಿಲ ಮೇಲೆ, ಇನ್ನು ನಿನ್ನ ಜೊತೆ ನನಗೆ ಮಾತಿಲ್ಲ ಎಂದೆ. ಹನ್ನೊಂದು ವರ್ಷ ಆ ಮಾತನ್ನು ಉಳಿಸಿಕೊಂಡೆ. ಅಕ್ಕ ಅಮ್ಮನಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಳು ಎಂದು ಮಾತ್ರ ನನಗೆ ಹೊಳೆಯಲಿಲ್ಲ. ಆ ಪ್ರಮಾಣಪತ್ರ ಇದ್ದದ್ದಕ್ಕೇ ನನಗೆ ಈ ಹುದ್ದೆ, ಈ ವಿಪಿಎನ್, ಈ ಸಹಾಯವಾಣಿ. ಅಮ್ಮ ಲೆಕ್ಕಹಾಕಿಯೇ ಹೇಳಿದ್ದರೋ ಏನೋ.

ಅಧ್ಯಕ್ಷರೇ, ನಿಮಗೂ ಒಂದು ತಪ್ಪೊಪ್ಪಿಗೆ ಇದೆ. ಫೋನಿಲ್ಲದೆ ತಾವೇ ಬೀಗ ತೆಗೆದುಕೊಳ್ಳುವ ಸೌಲಭ್ಯ ಈ ಸಾಫ್ಟ್‌ವೇರಿನಲ್ಲಿ ಮೊದಲ ದಿನದಿಂದಲೂ ಇದೆ. ನಾಲ್ಕು ವಾರ್ಷಿಕ ಸಭೆಗಳಲ್ಲಿ ನೀವು "ಅದನ್ನ ಯಾಕೆ ಕೊಡಬಾರದು?" ಎಂದು ಕೇಳಿದಿರಿ. ನಾಲ್ಕು ಸಲವೂ ನಾನು ಭದ್ರತೆಯ ಕಾರಣ ಕೊಟ್ಟೆ. ಒಂದು ಸಲ ಅಂಕಿಅಂಶದ ಹಾಳೆಯನ್ನೂ ತೋರಿಸಿದೆ. ಭದ್ರತೆಗೂ ಅದಕ್ಕೂ ಸಂಬಂಧವಿರಲಿಲ್ಲ. ಸೋಮವಾರ ಒಂಬತ್ತೂಕಾಲಿಗೆ ಮುಂಚೆ ನಾನು ಚಹಾಕ್ಕೆ ಏಳುವುದಿಲ್ಲ ಎಂದು ಮೇಷ್ಟ್ರು ಸಾಕ್ಷಿ ಹೇಳುತ್ತಾರೆ. ಅಕ್ಕ ಬೀಗ ಹಾಕಿಕೊಂಡು ಕೂರುತ್ತಿದ್ದಳು, ನಾನು ಬೀಗದ ಕೈ ಇಟ್ಟುಕೊಂಡು ಕೂರುತ್ತಿದ್ದೆ. ಹೀಗೆ ನಿಮ್ಮ ಕಚೇರಿಯ ಸಮಯ ಒಟ್ಟು ಒಂದು ಗಂಟೆ ಹದಿಮೂರು ನಿಮಿಷ ಹಾಳಾಗಿದೆ. ಬರುವ ಸೋಮವಾರದಿಂದ ಆ ಸೌಲಭ್ಯ ಎಲ್ಲರಿಗೂ ಕೊಡುತ್ತೇನೆ. ಉಗ್ರಾಣದವರ ಮನೆಯಲ್ಲಿ ಇನ್ನು ಶಾಂತಿ.

ಆದರೆ ಐದೂವರೆಗೆ ಆ ಖಾತೆ ಮುಚ್ಚಿದರೆ, ಸೋಮವಾರ ಒಂಬತ್ತು ಹತ್ತಕ್ಕೆ ನನ್ನ ಫೋನು ಬಡಿದುಕೊಳ್ಳುವುದಿಲ್ಲ. ನಿನ್ನೆಯಿಂದ ನನ್ನನ್ನು ಕೊರೆಯುತ್ತಿರುವುದು ಅದೊಂದೇ. ಅದಕ್ಕೇ ಈ ಮೈಕು ಕೇಳಿ ಪಡೆದೆ. ನನ್ನನ್ನು ಯಾರೂ ಕರೆದಿರಲಿಲ್ಲ, ಅದೂ ನಿಜ.

ಮುಖ್ಯಸ್ಥರು ಕೈಗಡಿಯಾರದ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಾರೆ, ಸಾಕು ಎಂದು. ನನ್ನ ಶಾಲೆಯ ಭಾಷಣ ಸ್ಪರ್ಧೆಯಲ್ಲೂ ಮೊದಲ ಸಾಲಿನಲ್ಲಿ ಕೂತು ಹೀಗೆಯೇ ತೋರಿಸಿದ್ದರು. ಮುಗಿಸುತ್ತೇನೆ.

ಅಕ್ಕ, ತಪ್ಪು ನನ್ನದು. ಕ್ಷಮಿಸು.

ಇನ್ನು ನಿಯಮದ ಪ್ರಕಾರ ಒಂದು ಕೆಲಸ ಬಾಕಿ ಇದೆ. ಖಾತೆ ಮುಚ್ಚುವ ಮೊದಲು ಕೊನೆಯದಾಗಿ ಒಮ್ಮೆ ಗುರುತು ಖಚಿತಪಡಿಸಿಕೊಳ್ಳಬೇಕು. ಸಭಿಕರು ದಯವಿಟ್ಟು ಅರೆನಿಮಿಷ ಸುಮ್ಮನಿರಬೇಕು. ನಿನ್ನ ಪ್ರಶ್ನೆ: ಚಿಕ್ಕಂದಿನಲ್ಲಿ ನಿನ್ನ ತಂಗಿಯನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದೆ?

ಅವಳ ಮುಂದೆ ಮೈಕಿಲ್ಲ. ನಿಮಗೆ ಕೇಳಿಸಿರಲಿಕ್ಕಿಲ್ಲ. ನನಗೆ ಕೇಳಿಸಿತು.

ಅಧ್ಯಕ್ಷರಿಗೆ, ಇಷ್ಟು ಹೊತ್ತು ತಾಳ್ಮೆಯಿಂದ ಕೂತ ನಿಮಗೆ, ಮೂರು ಸೋಮವಾರ ನನ್ನ ಕುರ್ಚಿ ಕಾದ ಮೇಷ್ಟ್ರಿಗೆ, ಎಲ್ಲರಿಗೂ ವಂದನೆಗಳು. ಅಕ್ಕ, ಲ್ಯಾಪ್‌ಟಾಪು ನನ್ನ ಮೇಜಿನ ಮೇಲಿಟ್ಟು ಗೇಟಿನ ಹತ್ತಿರ ನಿಂತಿರು, ಬಸ್ಸಿಗೆ ಒಟ್ಟಿಗೆ ಹೋಗೋಣ. ಉತ್ತರ ಸರಿಯಾಗಿದೆ.

ನಮಸ್ಕಾರ.